ಪಕ್ಕದ ಕೋಣೆಯ ಗಿರಾಕಿ

ಬೆಂಗಳೂರಿನಲ್ಲಿ ನಾನು ಎದುರಿಸಿದ ಮೊದಲ ಸಂದರ್ಶನದಲ್ಲಿ, ಕನ್ನಡಕ ಹಾಕಿದ ಗೌರವಸ್ಥ ಮ್ಯಾನೇಜರೊಬ್ಬರು ಪಕ್ಕದ ಕೋಣೆಗೆ ಹೋಗಿ, ಬಾಗಿಲು ಹಾಕಿಕೊಂಡು, ಅಲ್ಲಿಂದ ನನಗೆ ಫೋನು ಮಾಡಿ ಬಾಯಿಗೆ ಬಂದಂತೆ ಬೈದರು. ಅದೇ ಪರೀಕ್ಷೆ. ಬಾಗಲಕೋಟೆಯಲ್ಲಿ ಬಿ.ಎಸ್ಸಿ. ಓದಿದ ನನಗೆ ಪರೀಕ್ಷೆ ಎಂದರೆ ಮಾಸ್ತರು ಕೇಳುವುದು, ನಾವು ಎದ್ದು ನಿಂತು ಉತ್ತರಿಸುವುದು ಎಂದಷ್ಟೇ ಗೊತ್ತಿತ್ತು.

ರಾಜಾಜಿನಗರದ ಕೈಗಾರಿಕಾ ಪ್ರದೇಶದಲ್ಲಿ ಸ್ಟೆಬಿಲೈಸರ್ ತಯಾರಿಸುವ ಸಣ್ಣ ಕಂಪನಿ ಅದು. ಕರೆಂಟು ಏರಿಳಿದಾಗ ಟಿ.ವಿ., ಫ್ರಿಜ್ಜು ಸುಟ್ಟುಹೋಗದಂತೆ ಕಾಯುವ ತಗಡಿನ ಪೆಟ್ಟಿಗೆಗೆ ಈ ಹೆಸರು. ಪೆಟ್ಟಿಗೆ ಕೆಟ್ಟರೆ ಗಿರಾಕಿಗಳು ಫೋನು ಮಾಡುತ್ತಾರೆ. ಫೋನಿನಲ್ಲೇ ಬಗೆಹರಿಯುವುದನ್ನು ಹೇಳಿಕೊಡಬೇಕು, ಇಲ್ಲವಾದರೆ ಮೆಕ್ಯಾನಿಕ್‌ನನ್ನು ಕಳಿಸಬೇಕು. ಇಂಥ ಕೆಲಸಕ್ಕೆ ಏನು ಕೇಳುತ್ತಾರೆ ಎಂದು ಊರಿನ ಹಲವರು ವಿಚಾರಿಸಿದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ಆಗ ನಾನು ಬಸವೇಶ್ವರನಗರದಲ್ಲಿ ಕಾಕಾನ ಮನೆಯಲ್ಲಿದ್ದೆ. ಮನೆ ಎಂದರೆ ವಠಾರದ ಎರಡು ಕೋಣೆ. ವಠಾರ ನಮ್ಮ ಕಡೆಯ ಚಾಳಿನಂಥದ್ದೇ, ಆದರೆ ಇಲ್ಲಿ ಮಾಲೀಕರೂ ಅದರೊಳಗೇ ಇರುತ್ತಾರೆ. ಯಾರು ಎಷ್ಟು ಕೊಡ ನೀರು ಹಿಡಿದರು ಎಂಬುದು ಅವರಿಗೆ ತಿಳಿಯದೇ ಇರುವುದಿಲ್ಲ. ನಮ್ಮಲ್ಲಿ ಬಿಸಿಲಿಗೆ ಬಾಗಿಲು ಮುಚ್ಚುತ್ತೇವೆ, ಇಲ್ಲಿ ಚಳಿಗೆ ಮುಚ್ಚುತ್ತಾರೆ. ರೊಟ್ಟಿ ಬಡಿಯುವ ಸದ್ದಿಲ್ಲದೆ ಬೆಳಗಾಗುವುದು ನನಗೆ ತಿಂಗಳುಗಟ್ಟಲೆ ಒಗ್ಗಲಿಲ್ಲ. ಓನರ್ ಆಂಟಿ ಮಾತ್ರ ದಿನಾ ಮಾತಾಡಿಸುತ್ತಿದ್ದರು.

“ಏನಮ್ಮ, ಹೆಣ್ಮಗು ರಿಪೇರಿ ಕೆಲ್ಸಕ್ ಹೋಗ್ತೀಯಂತೆ? ಸ್ಕ್ರೂಡ್ರೈವರ್ ಹಿಡ್ಕೊಂಡು ಮನೆಮನೆಗೆ ಹೋಗೋದಾ?”

“ಇಲ್ರೀ ಆಂಟಿ, ಫೋನಿನ್ಯಾಗ ಹೇಳೂದು ಅಷ್ಟ.”

“ಫೋನಲ್ಲೇ ರಿಪೇರಿನಾ! ಹಂಗಾದ್ರೆ ನಮ್ ಮಿಕ್ಸಿಗೂ ಒಂದ್ ಫೋನ್ ಮಾಡಮ್ಮ.”

ಕಾಕಾನಿಗೆ ಮಂಗಳೂರಿಗೆ ವರ್ಗವಾಗಿತ್ತು. ಅವರು ಮನೆ ಖಾಲಿ ಮಾಡುವುದರೊಳಗೆ ಕೆಲಸ ಸಿಕ್ಕರೆ ನನಗೆ ಮಹಿಳಾ ಹಾಸ್ಟೆಲ್ಲು, ಸಿಗದಿದ್ದರೆ ಬಾಗಲಕೋಟೆಯ ಬಸ್ಸು. ಅಪ್ಪನೂ ನಾನೂ ಮಾಡಿಕೊಂಡ ಒಪ್ಪಂದವದು.

ಸಂದರ್ಶನಕ್ಕೆ ಉಳಿದಿದ್ದವರು ಇಬ್ಬರೇ: ನಾನು, ಮತ್ತೆ ರಾಜಾಜಿನಗರದವನೇ ಆದ ಮುರಳಿ. ಓಮ್‌ನ ನಿಯಮವನ್ನು ರಾತ್ರಿಯೆಲ್ಲ ಉರುಹೊಡೆದಿದ್ದೆ. ಅದನ್ನು ಯಾರೂ ಕೇಳಲಿಲ್ಲ. ಮ್ಯಾನೇಜರ್ ನಾಗರಾಜ್ ಕೇಳಿದ್ದು, ನಿಮಗೆ ಬೇಗ ಸಿಟ್ಟು ಬರುತ್ತದೆಯೇ, ತಮಿಳು ಅರ್ಥವಾಗುತ್ತದೆಯೇ, ಮೂಡಲಪಾಳ್ಯಕ್ಕೆ ಯಾವ ದಾರಿಯಲ್ಲಿ ಹೋಗಬೇಕು, ಪೆಟ್ಟಿಗೆ ಕೆಲಸ ಮಾಡುತ್ತಿಲ್ಲ ಎಂದರೆ ನಿಮ್ಮ ಮೊದಲ ಪ್ರಶ್ನೆ ಯಾವುದು. ಕೊನೆಯದಕ್ಕೆ ನಾನು “ಪ್ಲಗ್ ಹಾಕೀರೇನು ಅಂತ ಕೇಳ್ತೀನ್ರಿ” ಎಂದೆ. ಅವರು ನಕ್ಕರು.

“ಕರೆಕ್ಟ್. ಆದ್ರೆ ಹಿಂಗ್ ಕೇಳಿದ್ರೆ ಇಲ್ಲಿಯೋರು ಜಗಳಕ್ ಬಂದಿದೀರಾ ಅನ್ಕೋತಾರಮ್ಮ. ನಿಮ್ ಭಾಷೆ ಸ್ವಲ್ಪ ಗಟ್ಟಿ.”

ನನ್ನ ಬಸ್ಸು ಬಂದು ನಿಂತಂತೆ ಅನಿಸಿತು.

ಆಮೇಲೆ ಫೋನಿನ ಪರೀಕ್ಷೆ. ಅವರ ಕೋಣೆಯಲ್ಲಿ ಒಂದು ಫೋನು, ನಮ್ಮ ಮುಂದೆ ಇನ್ನೊಂದು. ಮೊದಲು ನನ್ನ ಸರದಿ. “ನಿಮ್ ಡಬ್ಬಾ ತಗೊಂಡು ನನ್ ಫ್ರಿಜ್ಜೇ ಹೋಯ್ತಲ್ರೀ, ನಿಮ್ಮಪ್ಪ ಕೊಡ್ತಾನಾ?” ಎಂದು ಕೂಗಾಡಿದರು. ತಡವರಿಸುತ್ತ ಹೇಗೋ ಮುಗಿಸಿದೆ. ಗೋಡೆಯಾಚೆಯಿಂದಲೂ ಅವರ ದನಿ ಕೇಳುತ್ತಿದ್ದುದರಿಂದ ಒಬ್ಬರೇ ಇಬ್ಬರಾಗಿ ಬೈದಂತಿತ್ತು.

ಮುರಳಿಯ ಸರದಿ ಬಂತು. ಮ್ಯಾನೇಜರ್ ಒಳಗೆ ಹೋದರು. ಫೋನು ರಿಂಗಾಯಿತು. ಅವನು ನನಗೆ ಕಣ್ಣು ಮಿಟುಕಿಸಿ ಎತ್ತಿದ. ಆ ಕಡೆಯ ಗಂಡಸಿನ ದನಿ ಪಕ್ಕದಲ್ಲಿದ್ದ ನನಗೂ ಕೇಳುವಷ್ಟು ಜೋರಾಗಿತ್ತು.

“ಸಾರ್, ವಿಜಯನಗರದ ಜೆರಾಕ್ಸ್ ಅಂಗ್ಡಿಯಿಂದ. ನಿಮ್ ಸ್ಟೆಬಿಲೈಸರ್ ಸುಟ್ ವಾಸ್ನೆ ಬರ್ತಿದೆ. ಮುಚ್ಚಳ ಬಿಚ್ಚಿದೀನಿ. ಒಳಗೆ ಟಕ ಟಕ ಅಂತಿದೆ.”

“ಏನೂ ಆಗಲ್ಲ ಸಾರ್,” ಎಂದ ಮುರಳಿ, ಕುರ್ಚಿಗೆ ಒರಗಿ. “ಆ ಟಕ ಟಕ ಅನ್ನೋದೇ ರಿಲೇ. ಬೆರಳಲ್ಲಿ ಒಂಚೂರು ಒತ್ತಿ, ಕೂತ್ಕೊಳುತ್ತೆ.”

ರಿಲೇ ಎಂದರೆ ಒಳಗಿನ ಪುಟ್ಟ ಸ್ವಿಚ್ಚು; ಅದು ಟಕ ಟಕ ಎನ್ನುತ್ತಿದೆ ಎಂದರೆ ಕರೆಂಟು ಹರಿಯುತ್ತಿದೆ ಎಂದೇ ಅರ್ಥ. ಪ್ರಶ್ನೆಯ ಗುಟ್ಟು ಇದೇ ಇರಬೇಕು ಎಂದು ನಾನು ಅಂದುಕೊಳ್ಳುವಷ್ಟರಲ್ಲಿ ಫೋನಿನಿಂದ ಒಂದು ಸದ್ದು ಬಂತು. ಕೂಗಲ್ಲ, ಗಂಟಲಲ್ಲೇ ಸಿಕ್ಕಿಕೊಂಡ ಸದ್ದು. ಆಮೇಲೆ ಏನೋ ಬಿದ್ದದ್ದು. ಆಮೇಲೆ ಹೆಂಗಸೊಬ್ಬಳು “ರೀ! ರೀ!” ಎಂದು ಕಿರುಚಿದ್ದು.

ಮುರಳಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕ. “ಏನ್ ಆಕ್ಟಿಂಗ್ ಗುರು! ಲೇಡೀಸ್ ವಾಯ್ಸೂ ಇದೆ!”

ಆಗ ಪಕ್ಕದ ಕೋಣೆಯ ಬಾಗಿಲು ತೆರೆಯಿತು. ಮ್ಯಾನೇಜರ್ ಕಾಫಿ ಲೋಟ ಹಿಡಿದು ನಿಂತಿದ್ದರು.

“ಯಾಕ್ರೀ, ಫೋನ್ ಸರ್ಯಾಗ್ ಇಟ್ಟಿಲ್ವಾ? ನಾನ್ ಮಾಡಿದ್ರೆ ಎಂಗೇಜ್ ಬರ್ತಿದೆ.”

ಈ ಮಾತನ್ನು ನಾನು ಈಗಲೂ ದಿನಕ್ಕೊಮ್ಮೆಯಾದರೂ ಕೇಳಿಸಿಕೊಳ್ಳುತ್ತೇನೆ. ಬಸ್ಸಿನಲ್ಲಿ, ಊಟದ ನಡುವೆ. ಆ ಲೋಟದಿಂದ ಹಬೆ ಏಳುತ್ತಿತ್ತು.

ರಿಸೀವರ್ ಕಿತ್ತುಕೊಂಡೆ. ಆ ಹೆಂಗಸೂ ಆ ಕಡೆ ಫೋನು ಎತ್ತಿದ್ದಳು. “ನಮ್ ಯಜಮಾನ್ರು ಅದ್ಕೇ ಅಂಟ್ಕೊಂಡವ್ರೆ, ಶರ್ಟ್ ಹಿಡ್ದು ಎಳೀತೀನಿ ಬರ್ತಿಲ್ಲ...”

“ಮುಟ್ಟಬ್ಯಾಡ್ರೀ! ಅವರನ್ನ ಮುಟ್ಟಬ್ಯಾಡ್ರಿ! ಗ್ವಾಡಿ ಮ್ಯಾಲಿನ ಮೇನ್ ಸ್ವಿಚ್ ಬಂದ್ ಮಾಡ್ರಿ ಮೊದ್ಲ!”

ಅವಳು ಫೋನು ಬಿಟ್ಟು ಓಡಿದಳು. ನನ್ನ ಕಿವಿಗೆ ಬರೀ ಟಕ ಟಕ ಕೇಳುತ್ತಿತ್ತು. ಅದು ನಿಲ್ಲುವವರೆಗೆ ಎಷ್ಟು ಹೊತ್ತಾಯಿತೋ ತಿಳಿಯದು. ನಿಂತ ಮೇಲೆ ಅಳು. ಅಳುವಿನ ಹಿಂದೆ ಒಂದು ಕೆಮ್ಮು. ಕೆಮ್ಮಿದ್ದು ಗಂಡಸು.

ಮೆಕ್ಯಾನಿಕ್ ಸ್ಕೂಟರಿನಲ್ಲಿ ಓಡಿದ. ಮನುಷ್ಯ ಬದುಕಿದ್ದಾರೆ, ಬೆರಳು ಸುಟ್ಟಿದೆ, ಆಸ್ಪತ್ರೆಗೆ ಸೇರಿಸಿದೆವು ಎಂದು ಅಲ್ಲಿಂದ ಫೋನು ಬಂದಾಗ ಮ್ಯಾನೇಜರ್ ಗೋಡೆ ಹಿಡಿದು ಕುಳಿತರು. ಮುರಳಿ “ಟೆಸ್ಟ್ ಅನ್ಕೊಂಡೆ ಸಾರ್... ಟೆಸ್ಟ್ ಅನ್ಕೊಂಡೆ” ಎನ್ನುತ್ತಲೇ ಇದ್ದ. ಅವನನ್ನು ಯಾರೂ ಬೈಯಲಿಲ್ಲ. ಕೆಲಸ ನನಗೆ ಸಿಕ್ಕಿತು. ಈಗ ನಮ್ಮಲ್ಲಿ ಸುಳ್ಳು ಗಿರಾಕಿಯ ಪರೀಕ್ಷೆ ಇಲ್ಲ. ಎದುರು ಕೂರಿಸಿಯೇ ಕೇಳುತ್ತಾರೆ. ಸಂದರ್ಶನಕ್ಕೆ ಹೋಗುವವರು ಒಂದನ್ನು ನೆನಪಿಟ್ಟರೆ ಸಾಕು: ಪರೀಕ್ಷೆಯೇ ಇರಲಿ, ನಿಜವೇ ಇರಲಿ, ಮೊದಲು ಕರೆಂಟು ತೆಗೆಸಿ, ಆಮೇಲೆ ಮಾತಾಡಿ.

ಹಾಸ್ಟೆಲ್ಲಿನಲ್ಲಿ ವರ್ಷ ಕಳೆಯಿತು. ಈಚೆಗೆ ಅಪ್ಪ ಕಾಗದ ಬರೆದರು: ಊರಿನ ಕಾಲೇಜಿನ ಪ್ರಯೋಗಾಲಯದಲ್ಲಿ ಒಂದು ಹುದ್ದೆ ಖಾಲಿ ಇದೆ, ಅಂಕಪಟ್ಟಿಗಳ ಪ್ರತಿ ಕಳಿಸು. ಪ್ರತಿ ಮಾಡಿಸಲು ನಾನು ಬೇರೆ ಅಂಗಡಿಗಳನ್ನೆಲ್ಲ ದಾಟಿ ವಿಜಯನಗರದ ಆ ಅಂಗಡಿಗೇ ಹೋದೆ. ಅಂಗಡಿಯಾತ ಎರಡು ಬೆರಳು ಮಡಚದೆ ಕಾಗದ ಜೋಡಿಸುತ್ತಿದ್ದರು. ಹೆಂಡತಿ ಜಯಮ್ಮ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತಿದ್ದರು.

“ಎರಡೆರಡು ಪ್ರತಿ ಬೇಕ್ರಿ” ಎಂದೆ.

ಆಕೆ ತಲೆ ಎತ್ತಿದರು. “ಇನ್ನೊಂದ್ಸಲ ಹೇಳಿ?” ಹೇಳಿದೆ. “ಅವತ್ತು ಫೋನಲ್ಲಿ ಮುಟ್ಬೇಡಿ ಅಂತ ಕಿರುಚಿದ್ದು ನೀವೇ ಅಲ್ವಾ?”

“ಹೌದ್ರಿ.”

“ನೀವ್ ಹೇಳಿದ್ದಕ್ಕೆ ಇವ್ರು ಉಳ್ಕೊಂಡ್ರು. ಸರಿ. ಆದ್ರೆ ಬೆರಳಿಡಿ ಅಂದೋರ್ಯಾರು? ಅವ್ರೂ ನಿಮ್ಮೋರೇ ತಾನೆ?”

“ಬಿಡೇ, ಪಾಪ” ಎಂದರು ಆತ.

ಮುರಳಿ ನಮ್ಮವನಲ್ಲ, ಕೆಲಸ ಕೇಳಲು ಬಂದಿದ್ದವನು. ಅಂದು ನಾನೂ ಆ ಆಫೀಸಿನವಳಾಗಿರಲಿಲ್ಲ. ಎರಡೂ ನಿಜ.

“ಹೌದ್ರಿ, ನಮ್ಮವರ. ನಮ್ಮ ಆಫೀಸಿನ ತಪ್ಪು ಅದು” ಎಂದೆ.

ಜಯಮ್ಮ ನನ್ನ ಮುಖವನ್ನೇ ನೋಡಿದರು. ಆಮೇಲೆ ಅಂಕಪಟ್ಟಿಯ ಮೇಲಿನ ಊರಿನ ಹೆಸರು ಓದಿ, “ವಾಪಸ್ ಹೋಗ್ತಿದೀರಾ?” ಎಂದರು.

ದುಡ್ಡು ಎಣಿಸಿ ಕೊಟ್ಟೆ. ಪ್ರತಿಗಳನ್ನು ಅಂದೇ ಅಪ್ಪನಿಗೆ ಅಂಚೆಗೆ ಹಾಕಿದೆ. ಮರುದಿನ ಎಂದಿಗಿಂತ ಮುಂಚೆ ಆಫೀಸಿಗೆ ಹೋಗಿ, ಫೋನಿನ ಪಕ್ಕ ಕುಳಿತೆ.