ಏಪ್ರಿಲ್ ಮಧ್ಯಾಹ್ನದ ಮಳೆ, ಅಮ್ಮನ ಕೂಗು

ಸತ್ತವರು ಕಾಣಿಸಿಕೊಂಡರು, ಯಾರೋ ಹೆಸರು ಹಿಡಿದು ಕರೆದರು ಎಂದೆಲ್ಲ ಯಾರಾದರೂ ಶುರು ಮಾಡಿದರೆ ಚಹಾದ ಲೋಟ ಹಿಡಿದು ಎದ್ದು ಹೋಗುವ ಜಾತಿಯವನು ನಾನು. ಹೆಂಡತಿಯ ಕಡೆಯ ನೆಂಟರಲ್ಲಿ ಇದೇ ಕಾರಣಕ್ಕೆ ನನಗೆ ಅಹಂಕಾರಿ ಎಂಬ ಹೆಸರಿದೆ. ಈಗ ನಾನೇ ಅಂಥದೊಂದನ್ನು ಬರೆಯಲು ಕೂತಿದ್ದೇನೆ. ನಗುವವರು ನಗಲಿ. ಬೇರೆಯವರು ಬರೆದಿದ್ದರೆ ನಾನೂ ನಗುತ್ತಿದ್ದೆ.

ಮಂಗಳೂರಿನ ಮಳೆಗೆ ಅದರದೇ ಒಂದು ಶಿಸ್ತು ಇತ್ತು. ಜೂನಿನಲ್ಲಿ ಸಮುದ್ರದ ಕಡೆಯಿಂದ ಬರುತ್ತದೆ, ಬಂದ ಮೇಲೆ ಸೆಪ್ಟೆಂಬರಿನ ತನಕ ಹೊರಡುವ ಮಾತೇ ಇಲ್ಲ. ಅದಕ್ಕೆ ಮೊದಲು ಏಪ್ರಿಲ್, ಮೇ ತಿಂಗಳಲ್ಲಿ ಬರುವುದು ಘಟ್ಟದ ಕಡೆಯ ಮಳೆ. ಅದಕ್ಕೆ ಸಂಜೆಯೇ ಆಗಬೇಕು. ಮೊದಲು ಮೂಡು ದಿಕ್ಕು ಕಪ್ಪಾಗಿ, ಗುಡುಗಿ, ಕರೆಂಟು ಹೋಗಿ, ಆಮೇಲೆ ಹನಿ. ಹಾಗಾಗಿ ಹಲಸಿನ ಹಪ್ಪಳ ಒಣಗಿಸುವವರಿಗೆ ಮಧ್ಯಾಹ್ನದ ತನಕ ಧೈರ್ಯ.

ಉರ್ವದಲ್ಲಿ ನಮ್ಮ ಮನೆಗೂ ಪಕ್ಕದ ಐಸಮ್ಮನ ಮನೆಗೂ ನಡುವೆ ಇರುವುದು ಒಂದು ಕಂಪೌಂಡು ಗೋಡೆ. ಹಪ್ಪಳದ ಕಾಲದಲ್ಲಿ ಅದೂ ಇಲ್ಲದ ಹಾಗೆಯೇ. ಅಮ್ಮನೂ ಐಸಮ್ಮನೂ ಒಟ್ಟಿಗೆ ಹಲಸು ಬಿಡಿಸಿ, ಒಟ್ಟಿಗೆ ಬೇಯಿಸಿ, ಒತ್ತಿ, ಎರಡೂ ತಾರಸಿಗಳಲ್ಲಿ ಚಾಪೆ ಹಾಸಿ ಒಣಗಿಸುತ್ತಿದ್ದರು. ಕೊನೆಗೆ ಯಾರದು ತೆಳ್ಳಗಾಯಿತು ಎಂದು ಜಗಳವೂ ಆಗುತ್ತಿತ್ತು. ಮಳೆಯ ಸುಳಿವು ಮೊದಲು ಯಾರಿಗೆ ಸಿಕ್ಕಿತೋ ಅವರು ಕೂಗಬೇಕು. ಹೆಚ್ಚಾಗಿ ಅಮ್ಮನೇ. "ಬರ್ಸ ಬತ್ತ್ಂಡ್, ಐಸಮ್ಮಾ" ಎಂದು, ಮಳೆ ಬಂತೆಂದು, ತುಳುವಿನಲ್ಲಿ ಒಂದು ಕೂಗು. "ಆಂಡ್ ಲೀಲಕ್ಕಾ," ಆಯಿತು ಎಂದು ಆಚೆಯಿಂದ ಉತ್ತರ. ಆ ಕೂಗು ಕೇಳಿದರೆ ಮನೆಯವರೆಲ್ಲ ಊಟದ ಕೈಯಲ್ಲೇ ಮೆಟ್ಟಿಲು ಹತ್ತಬೇಕು, ಯಾಕೆ ಎಂದು ಕೇಳುವ ಹಾಗಿಲ್ಲ.

ಆಮೇಲೆ ಅಮ್ಮನಿಗೆ ಪಾರ್ಶ್ವವಾಯು ಹೊಡೆಯಿತು. ಒಂದು ಕೈ, ಒಂದು ಕಾಲು ಹೋಯಿತು, ಮಾತೂ ಹೋಯಿತು. ದಿನವಿಡೀ ಬಾಯಿ ನಿಲ್ಲದಿದ್ದ ಹೆಂಗಸು. ಮಾತು ಮರಳುವುದು ಕಷ್ಟ ಎಂದು ಡಾಕ್ಟರು ಹೇಳಿದ್ದರು. ಆದರೂ ನಾನು ದಿನಾ ಹಾಸಿಗೆಯ ಪಕ್ಕ ಕೂತು, ಮಗುವಿಗೆ ಕಲಿಸುವ ಹಾಗೆ ಒಂದೊಂದೇ ಶಬ್ದ ಹೇಳಿಕೊಡುತ್ತಿದ್ದೆ. ಅವಳು ನನ್ನ ಬಾಯನ್ನೇ ನೋಡುತ್ತಿದ್ದಳು. ನನಗೆ ಬೇರೇನೂ ಬೇಡವಾಗಿತ್ತು, ಬೈದರೂ ಸಾಕಿತ್ತು.

ಆ ವರ್ಷದ ಏಪ್ರಿಲ್‌ನಲ್ಲಿ ಐಸಮ್ಮ ಒಬ್ಬರೇ ಹಪ್ಪಳ ಮಾಡಿ, ನಮ್ಮ ಪಾಲಿನದನ್ನು ನಮ್ಮ ತಾರಸಿಯಲ್ಲೇ ಹರಡಿ ಹೋಗಿದ್ದರು. ನನ್ನ ಹೆಂಡತಿ ಮಣ್ಣಗುಡ್ಡದಲ್ಲಿರುವ ತಂಗಿಯ ಮನೆಗೆ ಹೋಗಿದ್ದಳು. ಅಮ್ಮನಿಗೆ ಗಂಜಿ ಕುಡಿಸಿ, ಅವಳು ನಿದ್ದೆ ಹೋದದ್ದನ್ನು ನೋಡಿ, ನಾನು ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದೆ. ತಲೆ ಸುಡುವ ಬಿಸಿಲು. ಫೋನು ಕೂಡ ಇಡೀ ದಿನಕ್ಕೆ ಸೂರ್ಯನನ್ನೇ ತೋರಿಸುತ್ತಿತ್ತು. ಆಗ ತಾರಸಿಯ ಕಡೆಯಿಂದ ಕೇಳಿತು: "ಬರ್ಸ ಬತ್ತ್ಂಡ್, ಐಸಮ್ಮಾ."

ನಾನು ಯೋಚನೆ ಮಾಡಲಿಲ್ಲ. ಸಾಬೂನಿನ ಕೈಯಲ್ಲೇ ಮೆಟ್ಟಿಲು ಹತ್ತಿ ಓಡಿದೆ. ಅರ್ಧ ಚಾಪೆ ಸುತ್ತಿದ ಮೇಲೆ ಬುದ್ಧಿ ಬಂತು. ತಾರಸಿಯಲ್ಲಿ ಯಾರೂ ಇರಲಿಲ್ಲ, ಆಕಾಶ ನೀಲಿಯಾಗಿತ್ತು. ಆಚೆ ನೋಡಿದರೆ ಐಸಮ್ಮ ಏದುಸಿರು ಬಿಡುತ್ತಾ ಅವರ ಚಾಪೆ ಸುತ್ತುತ್ತಿದ್ದರು.

"ಲೀಲಕ್ಕನಿಗೆ ಮಾತು ಬಂತಾ ಮಾರಾಯ? ನನಗೆ ಎಂತ ಹೇಳ್ಲೇ ಇಲ್ಲ ನೀನು?" ಎಂದರು. ಅವರ ಕಣ್ಣಲ್ಲಿ ನೀರಿತ್ತು.

"ಅಮ್ಮ ಕೆಳಗೆ ನಿದ್ದೆಯಲ್ಲಿ ಇದ್ದಾಳೆ ಐಸಮ್ಮ," ಎಂದೆ.

ನಾವು ಹಾಗೆ ನೋಡುತ್ತಾ ನಿಂತಿರುವಾಗಲೇ ಮಳೆ ಬಂತು. ಘಟ್ಟದ ಕಡೆಯಿಂದಲ್ಲ, ಸಮುದ್ರದ ಕಡೆಯಿಂದ. ಗುಡುಗಿಲ್ಲ, ಗಾಳಿಯಿಲ್ಲ, ತೆಂಗಿನ ಗರಿಗಳ ಮೇಲೆ ಸದ್ದು ಮಾಡುತ್ತಾ ಜೂನ್ ತಿಂಗಳಲ್ಲಿ ಬಂದ ಹಾಗೆ ಬಂತು. ನಾನು ಹಪ್ಪಳವನ್ನು ಮೆಟ್ಟಿಲ ಮೇಲೆ ಎಸೆದು ಕೆಳಗೆ ಓಡಿದೆ. ಅಮ್ಮ ನಾನು ಮಲಗಿಸಿದ ಮಗ್ಗುಲಲ್ಲೇ ಮಲಗಿದ್ದಳು. ಎಬ್ಬಿಸಿದೆ. "ಅಮ್ಮ, ನೀನಾ ಕೂಗಿದ್ದು? ಇನ್ನೊಮ್ಮೆ ಕೂಗು," ಎಂದು ಅವಳ ಗಲ್ಲ ಹಿಡಿದು ಗೋಗರೆದೆ. ಕಣ್ಣು ತೆರೆದು ನನ್ನನ್ನು ನೋಡಿದಳು, ತುಟಿ ಅಲುಗಲಿಲ್ಲ. ಆಮೇಲೂ ಎಷ್ಟೋ ದಿನ ಕೇಳಿದೆ. ಆ ಮಳೆಗಾಲ ಮುಗಿಯುವ ಮೊದಲು ಅಮ್ಮ ಹೋದಳು, ಒಂದು ಶಬ್ದವನ್ನೂ ಆಡದೆ.

ಭ್ರಮೆ ಎನ್ನುತ್ತೀರಿ. ನಾನೂ ಅದನ್ನೇ ಹೇಳಿಕೊಂಡೆ. ಆದರೆ ಎರಡು ಮನೆಯಲ್ಲಿ ಒಂದೇ ಹೊತ್ತಿಗೆ ಒಂದೇ ಭ್ರಮೆ ಹೇಗೆ? ಬೀದಿಯಲ್ಲಿ ಬೇರೆ ಯಾರೋ ಕೂಗಿರಬಹುದು ಎಂದು ನೆರೆಕರೆಯಲ್ಲೆಲ್ಲ ವಿಚಾರಿಸಿದೆ. ಯಾರೂ ಕೂಗಿರಲಿಲ್ಲ, ಯಾರಿಗೂ ಕೇಳಿಯೂ ಇರಲಿಲ್ಲ. ಮಳೆಯ ವಿಷಯ ಬಿಡಿ, ಈಗೀಗ ಅದಕ್ಕೆ ಹೊತ್ತುಗೊತ್ತು ಇಲ್ಲ, ಹೇಗೂ ಒಂದು ಕಾರಣ ಸಿಕ್ಕೀತು. ಆ ಸ್ವರಕ್ಕೆ ಮಾತ್ರ ಇಷ್ಟು ವರ್ಷವಾದರೂ ನನ್ನಲ್ಲಿ ಕಾರಣವಿಲ್ಲ.

ಅಮ್ಮ ಹೋದ ಮೇಲೆ ಒಂದು ದಿನ ಐಸಮ್ಮ ನಮ್ಮ ಜಗಲಿಯಲ್ಲಿ ಕೂತು ಅತ್ತರು. ಅಳುತ್ತಾ, ಅದು ನನಗೂ ಗೊತ್ತಿರುವ ಸಂಗತಿ ಎಂಬಂತೆ ಹೇಳಿದರು: "ಮಳೆ ಬಂತು ಅಂತ ಕೂಗಿದ್ದೇ ಅಲ್ಲ, ಮತ್ತೆ ಮೆಲ್ಲ ಹೇಳಿದ್ರಲ್ಲ, ಪುಟ್ಟ ಹಿತ್ತಲಲ್ಲಿ ಇದ್ದಾನೆ, ಒದ್ದೆಯಾಗ್ತಾನೆ, ಅವನನ್ನು ಒಳಗೆ ಕರಿ ಅಂತ."

ನನ್ನನ್ನು ಪುಟ್ಟ ಎಂದು ಕರೆಯುತ್ತಿದ್ದುದು ಅಮ್ಮ ಒಬ್ಬಳೇ. ಅದೂ ನಾನು ಚಡ್ಡಿ ಹಾಕುತ್ತಿದ್ದ ಕಾಲದಲ್ಲಿ. ಈಗ ನನಗೆ ಮೊಮ್ಮಗಳಿದ್ದಾಳೆ. ಐಸಮ್ಮನ ಮಾತನ್ನು ನಾನು ಪೂರ್ತಿ ನಂಬುತ್ತೇನೆ, ಆ ಹೆಂಗಸು ಸುಳ್ಳು ಹೇಳುವವರಲ್ಲ. ಆದರೆ ಹಪ್ಪಳದ ಮಾತು ನನಗೂ ಕೇಳಿಸಿ, ನನ್ನ ಕುರಿತ ಮಾತು ಅವರೊಬ್ಬರಿಗೇ ಯಾಕೆ ಕೇಳಿಸಿತು? ಅವರ ಮೇಲೆ ನನಗೆ ಇವತ್ತಿಗೂ ಸಣ್ಣ ಹೊಟ್ಟೆಕಿಚ್ಚು.