ತಾರೀಖು ಹಿಂದೆ ಸರಿಸುತ್ತಿದ್ದ ಮನೆ

ಹಳೆಯ ಕಂಪ್ಯೂಟರಿನ ತಗಡಿನ ಹೊದಿಕೆ ಬಿಚ್ಚಿದ ಕೂಡಲೇ ಹತ್ತಿಕಾಳಿನ ವಾಸನೆ ಬಂತು ಎಂದರೆ ನೀವು ನಗಬಹುದು. ನಕ್ಕುಬಿಡಿ. ಇಪ್ಪತ್ತು ವರ್ಷಕ್ಕೂ ಮಿಕ್ಕಿ, ಹರಿದ ಧೋತರದ ತುಂಡು ಹೊದ್ದುಕೊಂಡು ನಮ್ಮ ಅಂಗಡಿಯ ಅಟ್ಟದ ಮೇಲೆ ಕುಳಿತಿದ್ದ ಯಂತ್ರ ಅದು. ಫ್ಯಾನಿನ ರೆಕ್ಕೆಗಳಿಗೆ ಅರಳೆಯ ಎಳೆಗಳು ಸುತ್ತಿಕೊಂಡು ಕಪ್ಪಗಾಗಿದ್ದವು. ತಳದಲ್ಲಿ ಬೆರಳಾಡಿಸಿದರೆ ಎರೆಮಣ್ಣಿನ ಧೂಳು, ಅದರೊಳಗೆ ಎರಡು ಹತ್ತಿಕಾಳು. ಒಂದನ್ನು ಉಗುರಿನಿಂದ ಸೀಳಿ ಮೂಗಿಗೆ ಹಿಡಿದೆ. ಎಣ್ಣೆ ಒಣಗಿ ಎಷ್ಟೋ ಕಾಲವಾಗಿತ್ತು. ಆದರೂ ಎತ್ತುಗಳಿಗೆಂದು ಸಂಜೆ ಕಾಳು ನೆನೆಯಿಡುತ್ತಿದ್ದ ಬಾನಿ, ಅದರ ಪಕ್ಕದ ಕಲ್ಲಿನ ಕಟ್ಟೆ, ಬೆಳಕಿಂಡಿಯಿಂದ ಇಳಿಯುತ್ತಿದ್ದ ಬಿಸಿಲಿನ ಕೋಲು, ಅದರಲ್ಲಿ ತೇಲುತ್ತಿದ್ದ ಅರಳೆ, ಎಲ್ಲ ಒಮ್ಮೆಲೇ ಬಂದು ನಿಂತವು. ಯರಗುಪ್ಪಿಯ ಆ ಮಣ್ಣಿನ ಮಾಳಿಗೆಯ ಮನೆ ಈಗ ಇಲ್ಲ. ಪಾಲಾದ ಮೇಲೆ ಅದನ್ನು ಕೆಡವಿದರು, ಮೂರು ಸಿಮೆಂಟಿನ ಮನೆಗಳಾದವು, ಮೂರಕ್ಕೂ ಬೇರೆ ಬೇರೆ ಗೇಟು. ಅಲ್ಲಿ ಹದಿಮೂರು ಜನ ಒಂದೇ ಒಲೆಯ ರೊಟ್ಟಿ ತಿನ್ನುತ್ತಿದ್ದೆವು ಎಂದರೆ ನನ್ನ ಮಗಳು ‘ಜಾಗಾ ಹೆಂಗ ಸಾಲತಿತ್ತು?’ ಎಂದು ಕೇಳುತ್ತಾಳೆ. ಸಾಲುತ್ತಿತ್ತು.

ಗುಡಗೇರಿಯ ಸ್ಟೇಷನ್ ರಸ್ತೆಯಲ್ಲಿ ನನ್ನದೊಂದು ಕಂಪ್ಯೂಟರ್ ಅಂಗಡಿ. ಪಹಣಿ ತೆಗೆದುಕೊಡುವುದು, ಅರ್ಜಿ ತುಂಬುವುದು, ಲಗ್ನಪತ್ರಿಕೆ ಮಾಡುವುದು. ಅಪ್ಪನ ತಮ್ಮ, ಅಂದರೆ ನಮ್ಮ ಕಾಕಾ ಹಾಕಿದ ಅಂಗಡಿ. ಅವನು ತೀರಿಕೊಂಡ ಮೇಲೆ ನನ್ನ ಕೈಗೆ ಬಂತು. ರವಿವಾರ ಬೆಳಿಗ್ಗೆ ಅರ್ಧ ಬಾಗಿಲು ಇಳಿಸಿ, ಯಾರಿಗೂ ನೆನಪಿಲ್ಲದ ಹಳೆಯ ಕಂಪ್ಯೂಟರ್ ಆಟಗಳನ್ನು ಆಡುತ್ತೇನೆ, ಇಂಟರ್ನೆಟ್ಟಿನಲ್ಲಿ ಅದನ್ನು ನೇರವಾಗಿ ತೋರಿಸುತ್ತೇನೆ. ಮೂವತ್ತು ನಲವತ್ತು ಜನ ಬಂದು ನೋಡುತ್ತಾರೆ, ಪರದೆಯ ಬದಿಯಲ್ಲಿ ತಮಗೆ ತೋಚಿದ್ದು ಬರೆಯುತ್ತಾರೆ. ಪೋಲೆಂಡಿನ ಒಬ್ಬ ನಿವೃತ್ತ ರೈಲ್ವೆ ನೌಕರ ಒಂದು ವಾರವೂ ತಪ್ಪಿಸುವುದಿಲ್ಲ. ಆಟದ ನಡುವೆ ನಮ್ಮ ಸ್ಟೇಷನ್ನಿನ ಕಡೆಯಿಂದ ಹಾರ್ನ್ ಕೇಳಿದರೆ ಗೂಡ್ಸ್ ಗಾಡಿಯೋ ಪ್ಯಾಸೆಂಜರೋ ಎಂದು ಅಲ್ಲಿಂದಲೇ ಹೇಳುತ್ತಾನೆ. ನವಲಗುಂದದ ಒಬ್ಬ ಮಾಸ್ತರರು ನನ್ನನ್ನು ‘ಅಕ್ಕಾರ’ ಎಂದೇ ಕರೆಯುತ್ತಾರೆ. ಬಾಜು ಚಹಾದಂಗಡಿಯ ಬಸಪ್ಪನಿಗೆ ಮಾತ್ರ ಇದು ಒಗಟು. ‘ಅಕ್ಕಾರ, ನೀವು ಆಡೂದೇನೋ ಖರೆ, ಕುಂತ ನೋಡೂ ಮಂದೀಗೆರ ಕೆಲಸ ಇಲ್ಲೇನ್ರಿ?’ ಎನ್ನುತ್ತಾನೆ. ಕಳೆದದ್ದನ್ನು ಹುಡುಕುವ ಕೆಲಸಕ್ಕೆ ಸಂಬಳವಿಲ್ಲ, ರಜೆಯೂ ಇಲ್ಲ.

ಆ ಯಂತ್ರ ಮನೆಗೆ ಬಂದಾಗ ನನಗೆ ಏಳು ವರ್ಷ. ಸುತ್ತಲಿನ ಹಳ್ಳಿಗಳ ಲಗ್ನಪತ್ರಿಕೆ ಮಾಡಿಕೊಡುತ್ತೇನೆಂದು ಕಾಕಾ ಹುಬ್ಬಳ್ಳಿಯಿಂದ ತಂದದ್ದು. ಮಳೆಗೆ ಸೋರದ ಕೋಣೆ ಇದ್ದದ್ದು ಒಂದೇ, ಹತ್ತಿ ತುಂಬುವ ಕೋಣೆ. ಅಲ್ಲಿಯೇ ಮೇಜು ಹಾಕಿದರು. ಜೊತೆಗೆ ಬಂದ ಒಂದು ಸಿ.ಡಿ.ಯಲ್ಲಿ ಆ ಆಟ ಇತ್ತು. ಇಂಗ್ಲಿಷಿನಲ್ಲಿ ಏನೋ ಉದ್ದನೆಯ ಹೆಸರು, ನಮಗೆ ಅದು ಹೆಗ್ಗಣದಾಟ. ಹೆಗ್ಗಣವೊಂದು ನೆಲದೊಳಗೆ ಬಿಲ ತೋಡುತ್ತ ಕಾಳು ತಿನ್ನಬೇಕು, ಹಿಂದೆ ಬರುವ ಹಾವಿನಿಂದ ತಪ್ಪಿಸಿಕೊಳ್ಳಬೇಕು, ಅಷ್ಟೇ. ಶೇರ್‌ವೇರ್ ಎನ್ನುತ್ತಿದ್ದ ಇಂಥ ಆಟಗಳನ್ನು ಮೂವತ್ತು ದಿನ ಪುಕ್ಕಟೆ ಆಡಬಹುದಿತ್ತು. ಹಿಡಿಸಿದರೆ ಪರದೇಶದ ಒಂದು ವಿಳಾಸಕ್ಕೆ ದುಡ್ಡು ಕಳಿಸಬೇಕು. ಇಲ್ಲವಾದರೆ ಅವಧಿ ಮೀರಿ ತೆರೆದ ದಿನ ಕೊನೆಯದೊಂದು ಆಟ ಆಡಿಸಿ, ಶಾಶ್ವತವಾಗಿ ಬಾಗಿಲು ಹಾಕಿಕೊಳ್ಳುತ್ತಿತ್ತು. ಯರಗುಪ್ಪಿಯಿಂದ ಡಾಲರು ಕಳಿಸುವುದು ಹೇಗೆಂದು ಪೋಸ್ಟಮಾಸ್ತರರಿಗೂ ಗೊತ್ತಿರಲಿಲ್ಲ. ಕಾಕಾ ಒಂದು ಉಪಾಯ ಹುಡುಕಿದ. ಆಟ ತೆರೆಯುವ ಮೊದಲು ಕಂಪ್ಯೂಟರಿನ ತಾರೀಖನ್ನು, ಆಟ ಮೊದಲು ಹಾಕಿದ ದಿನಕ್ಕೆ, ಶ್ರಾವಣದ ಒಂದು ಸೋಮವಾರಕ್ಕೆ ಹಿಂದೆ ಸರಿಸುವುದು; ಆಡಿ ಮುಗಿದ ಮೇಲೆ, ಅವನ ಬೇರೆ ಕೆಲಸಗಳಿಗೆ ಅಡ್ಡಿಯಾಗದಂತೆ, ಮತ್ತೆ ಸರಿಯಾದ ತಾರೀಖಿಗೆ ತಂದಿಡುವುದು. ಹೀಗೆ ನಾಲ್ಕು ವರ್ಷ ಆಡಿದ್ದನ್ನೆಲ್ಲ ನಾವು ಒಂದೇ ದಿನದಲ್ಲಿ ಆಡಿದೆವು. ಅದೂ ಎತ್ತಿನ ಹೆಗಲಿಗೆ ನೊಗ ಇಡದ ಸೋಮವಾರ, ಎಲ್ಲರೂ ಮನೆಯಲ್ಲಿರುವ ದಿನ.

ಅಜ್ಜನಿಗೆ ಈ ಉಪಾಯ ಕೇಳಿ ನಗು. ‘ತಾರೀಖ ಹಿಂದ ಸರಿಸಿದ್ರ ಮುಪ್ಪೂ ಹಿಂದ ಸರೀತೈತೇನಲೇ?’ ಎಂದು ಕಾಕಾನನ್ನು ಕಾಡುತ್ತಿದ್ದ. ಹಾಗೆಂದವನು ಸಂಜೆಯಾದರೆ ನಮ್ಮನ್ನೆಲ್ಲ ಏಳಿಸಿ ತಾನೇ ಆಟಕ್ಕೆ ಕೂರುತ್ತಿದ್ದ. ಅವನು ಆಡುವ ರೀತಿಯೇ ಬೇರೆ. ಹಗೇವಿನಲ್ಲಿ, ಅಂದರೆ ನೆಲದೊಳಗಿನ ಕಣಜದಲ್ಲಿ ತುಂಬಿಟ್ಟ ಜೋಳ ಹೆಗ್ಗಣಗಳ ಪಾಲಾಗುವುದನ್ನು ಜೀವಮಾನವಿಡೀ ಕಂಡ ಮನುಷ್ಯ ಹೆಗ್ಗಣಕ್ಕೆ ತನ್ನ ಕೈಯಾರೆ ಕಾಳು ತಿನ್ನಿಸುತ್ತಾನೆಯೇ? ಶುರುವಾದ ಕೂಡಲೇ ಅದನ್ನು ನೆಟ್ಟಗೆ ಹಾವಿನ ಬಾಯಿಗೆ ಓಡಿಸುತ್ತಿದ್ದ. ‘ಕಾಳ ತಿಂತಿ? ತಿನ್ನ ಮಗನ, ತಿನ್ನು!’ ಹಾವಿನ ಬಾಯಿಗೆ ಹೋಗುವ ದಾರಿಯಲ್ಲಿ ಹೆಗ್ಗಣ ಆಕಸ್ಮಿಕವಾಗಿ ತಿಂದ ನಾಲ್ಕು ಕಾಳಿಗೆ ನಲವತ್ತು ಅಂಕ ಬಂದದ್ದೇ ಅವನ ದೊಡ್ಡ ಸಾಧನೆ, ಅದಕ್ಕೂ ಅವನಿಗೆ ಬೇಸರ.

ಹೊಸ್ತಿಲಿನ ಆಚೆ ದೊಡ್ಡವ್ವ ಕೂತಿರುತ್ತಿದ್ದಳು. ಅಪ್ಪನ ಅಣ್ಣನ ಹೆಂಡತಿ, ನೀಲವ್ವ. ದೊಡ್ಡಪ್ಪ ನಾನು ಹುಟ್ಟುವ ಮೊದಲೇ ತೀರಿಹೋಗಿದ್ದ. ತಾಯಿಯಿಲ್ಲದ ಕಾಕಾನನ್ನು ಸೊಂಟದ ಮೇಲೆ ಎತ್ತಿ ಸಾಕಿದವಳು ಅವಳೇ. ಮಾವನ ಎದುರು ಸರಿಸಮನಾಗಿ ಕೂರಬಾರದೆಂದು ಒಳಗೆ ಬರುತ್ತಿರಲಿಲ್ಲ. ತಲೆಯ ಮೇಲೆ ಸೆರಗು ಎಳೆದುಕೊಂಡು, ಮೊರದಲ್ಲಿ ಶೇಂಗಾ ಸುಲಿಯುತ್ತ, ಕಣ್ಣು ಮಾತ್ರ ಪರದೆಯ ಮೇಲೆ. ಅಜ್ಜ ಎದ್ದುಹೋಗಿ ನಾನು ಕೂತರೆ ಸಾಕು, ಆಚೆಯಿಂದ ಪಿಸುಮಾತು ಶುರುವಾಗುತ್ತಿತ್ತು. ‘ಎಡಕ್ಕ ಹೊಳ್ಳ ಬೇ, ಅತ್ತಾಗ ಹಾವೈತಿ.’ ಅವಳು ಹೇಳಿದಂತೆ ಹೊರಳಿದರೆ ಹೆಗ್ಗಣ ಉಳಿಯುತ್ತಿತ್ತು. ನೀನೂ ಆಡು ಬಾ ಎಂದು ಕರೆದರೆ, ‘ನಂದೇನೈತಿ ಅದರಾಗ’ ಎಂದು ಸಿಪ್ಪೆ ಊದಿಕೊಂಡು ಎದ್ದುಬಿಡುತ್ತಿದ್ದಳು.

ಆಟದ ಕೊನೆಗೆ ಹತ್ತು ಸಾಲಿನ ಪಟ್ಟಿಯೊಂದು ಬರುತ್ತಿತ್ತು. ಒಬ್ಬರಿಗೆ ಒಂದೇ ಸಾಲು, ಅವರ ಎಲ್ಲಕ್ಕಿಂತ ದೊಡ್ಡ ಅಂಕಕ್ಕೆ: ಹೆಸರು, ಅಂಕ, ತಾರೀಖು. ಅದರಲ್ಲಿ ನಮ್ಮ ಮನೆಯ ಏಳು ಜನರ ಹೆಸರಿದ್ದವು, ಕೆಳಗೆ ಮೂರು ಸಾಲು ಖಾಲಿ. ಏಳನೆಯದು ಅಜ್ಜನದು, ನಲವತ್ತು ಅಂಕ. ಮೂರನೆಯ ವರ್ಷ ಜೋಳದ ರಾಶಿಯ ಹೊತ್ತಿಗೆ ಅಜ್ಜ ತೀರಿಕೊಂಡ. ಅವನದೆಂದು ಮನೆಯಲ್ಲಿ ಒಂದೇ ಒಂದು ಫೋಟೋ, ಅದರಲ್ಲಿ ಯಾರೋ ಗದರಿಸಿ ನಿಲ್ಲಿಸಿದವರ ಹಾಗೆ ನಿಂತಿದ್ದಾನೆ. ನನಗೆ ಅಜ್ಜ ಉಳಿದದ್ದು ಆ ಏಳನೆಯ ಸಾಲಿನಲ್ಲಿ. ಅವನು ಹೋದ ಮೇಲೆ ಆಟ ಕಲಿತ ನನ್ನ ತಮ್ಮ ಆರನೆಯ ಸಾಲಿಗೆ ಬಂದು ಕೂತು ಅವನನ್ನು ಏಳನೆಯದಕ್ಕೆ ಇಳಿಸಿದ್ದ, ಆದರೆ ತಾರೀಖು ಅದೇ ಶ್ರಾವಣ ಸೋಮವಾರ. ಸಾವು ನಮ್ಮ ಮನೆಗೆ ಬಂದಿದ್ದರೂ ಆ ಪಟ್ಟಿಯೊಳಗೆ ಬಂದಿರಲಿಲ್ಲ. ದಿನಕ್ಕೊಮ್ಮೆಯಾದರೂ ಅದನ್ನು ತೆರೆದು ನೋಡದಿದ್ದರೆ ನನಗೆ ಊಟ ಸೇರುತ್ತಿರಲಿಲ್ಲ.

ನಾಲ್ಕನೆಯ ವರ್ಷ ಕಾಕಾನ ಮದುವೆ, ತಿರ್ಲಾಪುರದಲ್ಲಿ. ಮದುವೆಯ ಓಡಾಟದಲ್ಲಿದ್ದ ಕಾಕಾ ತಾರೀಖಿನ ಜವಾಬ್ದಾರಿಯನ್ನು ನನಗೆ ವಹಿಸಿದ. ‘ಸರಸೂದು ಮರ್ತರ ಮುಗೀತ ನೋಡವಾ’ ಎಂದು ಎರಡೆರಡು ಸಲ ಹೇಳಿದ. ದೊಡ್ಡವ್ವ ನಾಲ್ಕು ದಿನ ಒಲೆಯ ಮುಂದೆ ಕೂತು ಬುಂದೇದ ಉಂಡಿ ಕಟ್ಟಿದಳು. ಹೊರಡುವ ಮುಂಜಾನೆ, ಯಾರೂ ಬಾಯಿ ತೆರೆಯುವ ಮೊದಲೇ, ‘ದನಾ ಕರಾ ನೋಡಾಕ ಯಾರರ ಇರಬೇಕಲ್ಲ, ನೀವು ಹೋಗಿ ಬರ್ರಿ’ ಎಂದಳು. ಗಂಡ ಸತ್ತವಳು ಅಕ್ಕಿಕಾಳು ಹಾಕುವ ಹೊತ್ತಿಗೆ ಎದುರಿಗಿರಬಾರದು ಎಂಬುದು ಎಲ್ಲರ ಮನಸ್ಸಿನಲ್ಲಿತ್ತು. ಅವಳೇ ಹೇಳಿದ್ದರಿಂದ ಉಳಿದವರಿಗೆ ಹೇಳುವ ಕಷ್ಟ ತಪ್ಪಿತು. ತಾನು ಸಾಕಿದ ಹುಡುಗ ಬಾಸಿಂಗ ಕಟ್ಟಿಕೊಂಡದ್ದನ್ನು ಅವಳು ನೋಡಲಿಲ್ಲ. ಟೆಂಪೋದ ಹಿಂದೆ ಕೂತಿದ್ದ ನಾನು, ಬಾಗಿಲಲ್ಲಿ ನಿಂತ ಅವಳಿಗೆ ಕೈ ಬೀಸಿದೆ. ನನಗೆ ಹೊಸ ಲಂಗದ ಸಂಭ್ರಮ.

ಮದುವೆ ಮುಗಿಸಿ ಬಂದ ಮರುದಿನ, ಹೊಸದಾಗಿ ಬಂದ ಕಾಕಿಗೆ ತೋರಿಸಬೇಕೆಂದು ಶಿಸ್ತಾಗಿ ತಾರೀಖು ಹಿಂದೆ ಸರಿಸಿ ಆಟ ತೆರೆದೆ. ಹೆಗ್ಗಣ ಬರಲಿಲ್ಲ. ಕಪ್ಪು ಪರದೆಯ ಮೇಲೆ ನಾಲ್ಕು ಸಾಲು ಇಂಗ್ಲಿಷು. ಕಾಕಾ ಓದಿ, ಯಾರೋ ತಾರೀಖು ಸರಿಸದೆ ತೆರೆದಿದ್ದಾರೆ, ಅವಧಿ ಮುಗಿದುಹೋಗಿದೆ ಎಂದ. ಎಲ್ಲರ ಕಣ್ಣು ನನ್ನ ಮೇಲೆ. ನಾನು ಮರೆತಿಲ್ಲವೆಂದು ಅಳುತ್ತ ಆಣೆ ಮಾಡಿದೆ. ‘ಮರ್ತೀಯವಾ ನೀ. ಇರ್ಲಿ ಬಿಡು’ ಎಂದ ಕಾಕಾ. ಬೈದಿದ್ದರೆ ಎದುರು ಮಾತಾಡಬಹುದಿತ್ತು. ದಿನ ಕಳೆದಂತೆ ನನಗೇ ಅನುಮಾನ ಬಂತು. ಮದುವೆಯ ಗಡಿಬಿಡಿಯಲ್ಲಿ ಮರೆತಿದ್ದರೂ ಮರೆತಿರಬಹುದು. ಅಜ್ಜನನ್ನು ಒಳಗೆ ಹಾಕಿ ಕೀಲಿ ಜಡಿದವಳು ನಾನೇ ಎಂದು ನಂಬಿಕೊಂಡೇ ಬೆಳೆದೆ.

ಅಂದು ಹಿತ್ತಲಲ್ಲಿ ಅಳುತ್ತಿದ್ದ ನನ್ನ ಹತ್ತಿರ ಬಂದವಳು ದೊಡ್ಡವ್ವ ಒಬ್ಬಳೇ. ಬಿಸಿ ರೊಟ್ಟಿಗೆ ಬೆಣ್ಣೆ ಬೆಲ್ಲ ಸವರಿ, ಸುರುಳಿ ಮಾಡಿ ಕೈಗಿಟ್ಟಳು. ಏನೋ ಹೇಳಲು ಬಾಯಿ ತೆರೆದವಳು ‘ತಿನ್ನು’ ಎಂದಷ್ಟೇ ಹೇಳಿ ಒಳಗೆ ಹೋದಳು. ಆಮೇಲೆ ವರ್ಷಕ್ಕೆ ಒಂದೆರಡು ಸಲವಾದರೂ ಕೇಳುತ್ತಿದ್ದಳು, ನನ್ನ ಮದುವೆಯಾಗಿ ಮಗಳು ಹುಟ್ಟಿದ ಮೇಲೂ. ‘ಆ ಹೆಗ್ಗಣದಾಟ ಇನ್ನ ತೆರದಿಲ್ಲೇನ ಬೇ?’ ಬೇಕೆಂದೇ ಹಳೆಯ ಗಾಯ ಕೆದಕುತ್ತಾಳೆ ಎಂದು ನನಗೆ ಸಿಟ್ಟು. ಮನೆ ಪಾಲಾಗುವ ಗದ್ದಲದಲ್ಲಿ ಒಮ್ಮೆ ಕೇಳಿದಾಗ, ‘ನಿನಗ್ಯಾಕ ಬೇಕ ಅದರ ಉಸಾಬರಿ? ಸುಮ್ನ ಕೂಡ್ರು’ ಎಂದು ಎಲ್ಲರ ಮುಂದೆ ಗದರಿಬಿಟ್ಟೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವಳು ಮತ್ತೆ ಕೇಳಲಿಲ್ಲ. ಮೂರು ಸಿಮೆಂಟಿನ ಮನೆಗಳಲ್ಲಿ ನಡುವಿನದರಲ್ಲಿ ಕೆಲವು ವರ್ಷ ಇದ್ದು, ಒಂದು ಮಧ್ಯಾಹ್ನ ಮಲಗಿದಲ್ಲೇ ಹೋದಳು.

ಹಳೆಯ ಯಂತ್ರದ ಡಿಸ್ಕಿಗೆ ಇನ್ನೂ ಜೀವವಿತ್ತು. ಅದರಲ್ಲಿದ್ದುದನ್ನೆಲ್ಲ ನಕಲು ಮಾಡಿಕೊಂಡು, ಮೊನ್ನೆ ರವಿವಾರ ನನ್ನ ಜನರ ಮುಂದೆ ಇಟ್ಟೆ. ಅಜ್ಜನ ಕತೆ ಹೇಳಿದೆ, ನನ್ನ ತಪ್ಪನ್ನೂ ಹೇಳಿದೆ. ಇಂಥ ಆಟಗಳು ಅವಧಿ ಮುಗಿದಾಗ ಡಿಸ್ಕಿನ ಯಾವುದೋ ಮೂಲೆಯಲ್ಲಿ ಒಂದು ಗುರುತು ಬಚ್ಚಿಡುತ್ತವೆ, ಅದನ್ನು ತೆಗೆದುಹಾಕಿದರೆ ಆಟಕ್ಕೆ ಮರೆವು ಬರುತ್ತದೆ ಎಂದ ಪೋಲೆಂಡಿನವನು. ಎ‌ಲ್ಲರೂ ಸೇರಿ ಒಂದು ತಾಸು ಹುಡುಕಿದೆವು. ಕೊನೆಗೆ ಸಿಕ್ಕಿತು. ಅಳಿಸಿದೆ. ಶ್ರಾವಣ ಸೋಮವಾರದ ತಾರೀಖು ಹಾಕುವಾಗ ನನ್ನ ಬೆರಳುಗಳಿಗೆ ಯಾರೂ ನೆನಪು ಮಾಡಿಕೊಡಬೇಕಾಗಲಿಲ್ಲ. ಅದೇ ಕೀರಲು ಸಂಗೀತ, ಅದೇ ಹೆಗ್ಗಣ. ಆಡಲಿಲ್ಲ ನಾನು. ನೇರವಾಗಿ ಪಟ್ಟಿಯನ್ನೇ ತೆರೆದೆ.

‘ಅಕ್ಕಾರ, ಎಲ್ಲಾರದೂ ಒಂದ ತಾರೀಖ ಐತಲ್ರಿ’ ಎಂದು ಮಾಸ್ತರರು ಬರೆದರು. ‘ಅವತ್ತ ನಿಮ್ಮನ್ಯಾಗ ಏನ ಹಬ್ಬ ಇತ್ರಿ?’ ನಕ್ಕು ಉತ್ತರ ಹೇಳಬೇಕು, ಅಷ್ಟರಲ್ಲಿ ಪೋಲೆಂಡಿನವನು, ಎಲ್ಲರದೂ ಅಲ್ಲ, ಏಳನೆಯ ಸಾಲು ನೋಡು ಎಂದ. ನೋಡಿದೆ. ಏಳು ಹೆಸರು, ಆದರೆ ಎಂಟು ಸಾಲು. ಅಜ್ಜ ಎಂಟನೆಯ ಸಾಲಿಗೆ ಇಳಿದಿದ್ದ. ಅವನ ಮೇಲೆ ಹೆಸರಿಲ್ಲದ ಒಂದು ಸಾಲು, ಎಪ್ಪತ್ತು ಅಂಕ, ಬೇರೆಯೇ ತಾರೀಖು. ಆ ತಾರೀಖು ನನಗೆ ಬಾಯಿಪಾಠ. ಕಾಕಾ ತಾನೇ ಮಾಡಿಕೊಂಡ ತನ್ನ ಲಗ್ನಪತ್ರಿಕೆ ಇವತ್ತಿಗೂ ಅಂಗಡಿಯ ಮೇಜಿನ ಗಾಜಿನ ಕೆಳಗಿದೆ.

ಆ ದಿನ ಯರಗುಪ್ಪಿಯ ಮನೆಯಲ್ಲಿ ಇದ್ದದ್ದು ಒಬ್ಬಳೇ. ದನಗಳಿಗೆ ನೀರು ಕುಡಿಸಿ, ಅಂಗಳ ಗುಡಿಸಿ, ತಿರ್ಲಾಪುರದಲ್ಲಿ ಅಕ್ಕಿಕಾಳು ಬೀಳುವ ಹೊತ್ತಿಗೆ ಅವಳು ಹೊಸ್ತಿಲು ದಾಟಿ ಒಳಗೆ ಬಂದಿದ್ದಾಳೆ. ನಾಲ್ಕು ವರ್ಷ ಆಚೆಯಿಂದ ನೋಡಿದ್ದನ್ನು ತನ್ನ ಕೈಯಿಂದ ಮಾಡಿದ್ದಾಳೆ. ತಾರೀಖಿನ ಮಾತು ಅವಳ ಕಿವಿಗೂ ಬಿದ್ದಿತ್ತು, ಆದರೆ ಅದನ್ನು ಹೇಗೆ ಸರಿಸುವುದೆಂದು ಯಾರು ಹೇಳಿಕೊಟ್ಟಿದ್ದರು? ಹೆಸರು ಕೇಳಿದಾಗ, ಇಂಗ್ಲಿಷ್ ಅಕ್ಷರ ಬಾರದವಳು ಖಾಲಿ ಬಿಟ್ಟು ಮುಂದೆ ಹೋಗಿದ್ದಾಳೆ. ಮಾವನ ಎದುರು ಒಮ್ಮೆಯೂ ಕೂರದವಳು ಅವನ ಮೇಲಿನ ಸಾಲಿನಲ್ಲಿ ಕೂತಿದ್ದಳು. ನಾವೆಲ್ಲ ಸುಳ್ಳು ತಾರೀಖಿನವರು, ನಿಜವಾದ ದಿನ ಅವಳೊಬ್ಬಳದೇ. ನನಗೆ ಸಿಟ್ಟು ಬರಲಿಲ್ಲ. ಇಷ್ಟು ವರ್ಷ ಹೊತ್ತ ಭಾರ ಇಳಿಯಿತು, ಅದರ ಜಾಗದಲ್ಲಿ ನಾನು ಗದರಿದ ಆ ಮಾತು ಬಂದು ಕೂತಿತು. ಅವಳು ಗಾಯ ಕೆದಕುತ್ತಿರಲಿಲ್ಲ. ತಾನು ಮುಚ್ಚಿದ ಬಾಗಿಲು ತೆರೆಯಿತೇ ಎಂದು ಕೇಳುತ್ತಿದ್ದಳು.

ಹೆಸರಿಲ್ಲದ ಸಾಲು ಯಾರದೆಂದು ಎಲ್ಲರೂ ಕೇಳುತ್ತಿದ್ದರು. ನಮ್ಮ ದೊಡ್ಡವ್ವನದು, ನೀಲವ್ವ ಎಂದು ಅವಳ ಹೆಸರು ಎಂದೆ. ಬೇಕಾದರೆ ಆ ಜಾಗದಲ್ಲಿ ಹೆಸರು ಸೇರಿಸಬಹುದು, ಸುಲಭ ಎಂದ ಪೋಲೆಂಡಿನವನು. ಬೇಡ ಎಂದೆ. ಸ್ಟೇಷನ್ನಿನ ಕಡೆಯಿಂದ ಹಾರ್ನ್ ಕೇಳಿಸಿತು. ಮೈಕು ಹತ್ತಿರ ಎಳೆದುಕೊಂಡು, ನೋಡುವವರಿಗೆ ತಿಳಿಯಲಿ ಬಿಡಲಿ, ನಾನು ಹೇಳಬೇಕಾದವಳಿಗೆ ಹೇಳಿದೆ.

‘ತೆರೀತ ಬೇ ದೊಡ್ಡವ್ವಾ. ಏಳ ಕಾಳ ತಿನ್ನಿಸಿದ್ದಿ ನೀ.’