ಗಂಧರ್ವಪುರದ ಶಿರಸ್ತೇದಾರರು

ಮದ್ದೂರಿನವರೆಲ್ಲ ದಸರಾ ಮುಗಿದೊಡನೆ ಗೊಂಬೆಗಳನ್ನೂ ಅವುಗಳ ಮುಂದಿನ ರಾಗಿಪೈರಿನ ಪಾರ್ಕನ್ನೂ ಎತ್ತಿಬಿಟ್ಟರೆ, ತಾಲ್ಲೂಕು ಕಚೇರಿಯ ಶಿರಸ್ತೇದಾರ್ ತಿರುನಾರಾಯಣಯ್ಯಂಗಾರ್ ಎಪ್ಪತ್ತೆರಡನೇ ಇಸವಿಯಲ್ಲಿ ಮಾಡಿದ ಪಾರ್ಕನ್ನು ಎತ್ತಲೇ ಇಲ್ಲ. ನಾಲ್ಕು ವರ್ಷದಲ್ಲಿ ಅದು ನಡುಮನೆಯನ್ನೆಲ್ಲ ನುಂಗಿ ಗಂಧರ್ವಪುರವಾಯಿತು. ಬೆಂಕಿಪೊಟ್ಟಣದ ಮನೆಗಳು, ತೆಂಗಿನ ಚಿಪ್ಪಿನ ಅರಮನೆ, ದಾರದಲ್ಲಿ ತೂಗುವ ಹಾರುವ ಗುಡಿ, ಹಿತ್ತಾಳೆ ತಟ್ಟೆಯಲ್ಲೊಂದು ಕಡಲು. ಮಾಯಾನಗರಿಯಾದರೇನು, ರೂಲ್ಸು ರೂಲ್ಸೇ. ಇರುವೆಗಳು ರಾಜಬೀದಿಗೆ ಬಂದರೆ ಒತ್ತುವರಿಯೆಂದು ನೋಟೀಸು ಅಂಟಿಸಿ ಏಳು ದಿನ ಗಡುವು ಕೊಡುತ್ತಾರೆ. ಅಷ್ಟರಲ್ಲಿ ಅವು ಅರಮನೆಯ ಮೈದಾ ಅಂಟನ್ನೆಲ್ಲ ತಿಂದು ಮುಗಿಸಿರುತ್ತವೆ. "ಅಯ್ನೋರೇ, ಈ ಊರ್ಗೆ ಕರೆಂಟು ಯಾವಾಗ ಬತ್ತದೆ?" ಎಂದು ಮನೆ ಮಾಲೀಕ ಹೊನ್ನಯ್ಯ ನಕ್ಕರೆ, "ಅರ್ಜಿ ಕೊಡಿ, ನೋಡೋಣ" ಎನ್ನುತ್ತಾರೆ. ಮೊನ್ನೆ ಹೆಂಡತಿ ಕನಕಲಕ್ಷ್ಮಿ ಕೇಳಿದರು: "ಏನೂಂದ್ರೆ, ಇನ್ನೂರು ಮನೆ ಕಟ್ಟಿದೀರಲ್ಲ, ಇದರಲ್ಲಿ ನಮ್ಮನೆ ಯಾವುದು?" ಹದಿನೇಳು ವರ್ಗಾವಣೆ, ಹದಿನೇಳು ಬಾಡಿಗೆ ಮನೆ ಕಂಡ ಶಿರಸ್ತೇದಾರರು ಪುಟ್ಟ ಬಸ್ ಸ್ಟಾಂಡಿನತ್ತ ಬೆರಳು ತೋರಿಸಿದರು. ಅಲ್ಲಿ ಎರಡು ಬೆಂಕಿಕಡ್ಡಿಗಳು ನಿಂತಿದ್ದವು, ಪಕ್ಕದಲ್ಲೊಂದು ರಟ್ಟಿನ ಟ್ರಂಕು. "ಅದು ನೀನು, ಇದು ನಾನು. ಆರ್ಡರ್ ಬರಲಿ ಅಂತ ಕಾಯ್ತಿದೀವಿ." ಮರುದಿನ ಬೆಳಿಗ್ಗೆ ನೋಡಿದರೆ ಕನಕಲಕ್ಷ್ಮಿಯ ಕಡ್ಡಿ ಕಡಲ ದಡದ ಮನೆಯೊಂದರ ಜಗಲಿ ಏರಿತ್ತು, ಬಾಗಿಲಿಗೆ ಚಿಟಿಕೆ ರಂಗೋಲಿಯೂ ಬಿದ್ದಿತ್ತು. ಶಿರಸ್ತೇದಾರರು ನೋಟೀಸಿಗೆಂದು ಕಾಗದ ತೆಗೆದು, ಪೆನ್ನಿನ ಮುಚ್ಚಳ ಬಿಚ್ಚಿ, ಮತ್ತೆ ಮುಚ್ಚಿದರು. ಆಮೇಲೆ ಟ್ರಂಕನ್ನೂ ತಮ್ಮ ಕಡ್ಡಿಯನ್ನೂ ಎತ್ತಿಕೊಂಡು ಹೋಗಿ, ಅದೇ ಜಗಲಿಯನ್ನು ತಾವೂ ಒತ್ತುವರಿ ಮಾಡಿದರು.